ಇಳಿಯುವ ನೀರಿನ ಅತಿಥಿಗಳು



ಸಾಹಿತ್ಯ, ಇತಿಹಾಸ, ಶಾಸನಗಳ ಕುರಿತು ಉಪನ್ಯಾಸ ಏರ್ಪಡಿಸುವ ವೇದಿಕೆಯಲ್ಲಿ ಈ ಬಾರಿ ಚಳಿಗಾಲದ ಹಕ್ಕಿಗಳಿಗೆ ಜಾಗ ಕೊಟ್ಟಿದ್ದೀರಿ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಉತ್ತರದಿಂದ ನಮ್ಮ ಶಿವಮೊಗ್ಗ ಭದ್ರಾವತಿ ಸೀಮೆಗೆ ಬರುವ ಹಕ್ಕಿಗಳು ಬದುಕುವುದು ತುಂಬಿದ ಕೆರೆಯಿಂದಲ್ಲ, ಇಳಿಯುತ್ತಿರುವ ಕೆರೆಯಿಂದ. ಕೆರೆಯ ನಡುನೀರಿಗಿಂತ ಕೆರೆಯ ಅಂಚು ಅವುಗಳಿಗೆ ಮುಖ್ಯ. ಆ ಅಂಚನ್ನು ನಾವು ಈಗ ಎಲ್ಲೆಡೆ ಕಳೆದುಕೊಳ್ಳುತ್ತಿದ್ದೇವೆ. ಅದನ್ನು ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಬೇಕು ಎಂಬುದೇ ಇಂದಿನ ನನ್ನ ವಾದ.

ಉತ್ತರದ ಕಡಲಂಚು

ಜಗತ್ತಿನ ಹಕ್ಕಿವೀಕ್ಷಕರು ಚಳಿಗಾಲದಲ್ಲಿ ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ನಾರ್ವೆಯ ಉತ್ತರ ತುದಿಯ ವರಾಂಗೆರ್ ಒಂದು. ಅದು ಬ್ಯಾರೆಂಟ್ಸ್ ಸಮುದ್ರಕ್ಕೆ ಚಾಚಿಕೊಂಡ ಭೂಭಾಗ. ನಡುಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಅಟ್ಲಾಂಟಿಕ್ ಸಾಗರದಿಂದ ಬರುವ ಬೆಚ್ಚನೆಯ ಪ್ರವಾಹದ ಕಾರಣ ಅಲ್ಲಿನ ಕಡಲು ಹೆಪ್ಪುಗಟ್ಟುವುದಿಲ್ಲ. ಸೈಬೀರಿಯಾದ ಟುಂಡ್ರಾದಲ್ಲಿ ಮರಿ ಮಾಡಿದ ಈಡರ್ ಬಾತುಗಳು ಚಳಿಗಾಲ ಕಳೆಯಲು ಆ ಕಡಲಿಗೆ ಬರುತ್ತವೆ. ನಮಗೆ ಕಲ್ಪನೆಗೂ ನಿಲುಕದ ಆ ಚಳಿಯೇ ಅವುಗಳ ಪಾಲಿಗೆ ಬೆಚ್ಚನೆಯ ತಾಣ.

ಅದೇ ಟುಂಡ್ರಾದಲ್ಲಿ, ಅದೇ ಬೇಸಿಗೆಯಲ್ಲಿ, ಈಡರ್‌ಗಳ ನೆರೆಹೊರೆಯಲ್ಲಿ ಮರಿ ಮಾಡಿದ ಬೇರೆ ಕೆಲವು ಹಕ್ಕಿಗಳಿಗೆ ಆ ಕಡಲು ಸಾಲದು. ಅವು ಹುಳುಹುಪ್ಪಟೆ ತಿಂದು ಬದುಕುವಂಥವು, ನೆಲ ಮರಗಟ್ಟಿದರೆ ಅವುಗಳಿಗೆ ಉಪವಾಸ. ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಯನ್ನು ನೋಡಿ. ತೂಕ ಇಪ್ಪತ್ತೈದು ಗ್ರಾಂ ಆಸುಪಾಸು. ಯುರೋಪು ಮತ್ತು ಸೈಬೀರಿಯಾಗಳ ಆರ್ಕ್ಟಿಕ್ ಅಂಚಿನಲ್ಲಿ ಅದು ಹುಟ್ಟುತ್ತದೆ, ಚಳಿಗಾಲಕ್ಕೆ ಆಫ್ರಿಕಾಕ್ಕೂ ನಮ್ಮ ಉಪಖಂಡಕ್ಕೂ ಇಳಿಯುತ್ತದೆ. ಅಡವಿ ಗದ್ದೆಗೊರವದ ತವರು ಇನ್ನಷ್ಟು ದಕ್ಷಿಣಕ್ಕಿದೆ: ಸ್ಕ್ಯಾಂಡಿನೇವಿಯಾದಿಂದ ಪೂರ್ವ ಸೈಬೀರಿಯಾದವರೆಗೆ ಹಬ್ಬಿದ ಸೂಚಿಪರ್ಣ ಕಾಡುಗಳ ನಡುವಿನ ಜೌಗು. ನಮ್ಮ ಗದ್ದೆಯ ಬದುವಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಹಿಮಾಲಯದಿಂದಲೋ ಅದರಾಚೆಯ ಬೆಟ್ಟದ ತೊರೆಗಳಿಂದಲೋ ಬಂದದ್ದು. ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆ, ಜೋಳದ ಹೊಲದ ಮೇಲೆ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿ, ಕೆರೆಯ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಎಲ್ಲವೂ ಇದೇ ಬಳಗದವು.

ಇವು ಹಾಯ್ದು ಬರುವ ದಾರಿಗೆ ಮಧ್ಯ ಏಷ್ಯಾ ವಲಸೆ ಮಾರ್ಗ ಎಂದು ಹೆಸರು. ಆರ್ಕ್ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ ಮೂವತ್ತು ದೇಶಗಳ ಮೇಲೆ ಅದು ಹಾಸಿಕೊಂಡಿದೆ. ಪಟ್ಟೆತಲೆ ಹೆಬ್ಬಾತು ಈ ದಾರಿಯ ಅತಿ ಪ್ರಸಿದ್ಧ ಪ್ರಯಾಣಿಕ. ಮಂಗೋಲಿಯಾ, ಟಿಬೆಟ್‌ಗಳಿಂದ ಹೊರಟು, ಹಿಮಾಲಯವನ್ನು ದಾಟಿ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುತ್ತದೆ. ಈ ಹೆಬ್ಬಾತುಗಳಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದ ವಿಜ್ಞಾನಿಗಳಿಗೆ 7,290 ಮೀಟರ್ ಎತ್ತರದ ಹಾರಾಟ ದಾಖಲಾಗಿ ಸಿಕ್ಕಿತು. ಆ ಮಾಗಡಿ ಕೆರೆ ಒಂದು ಮಳೆನೀರಿನ ನೀರಾವರಿ ಕೆರೆ, ನಮ್ಮ ಹಿರಿಯರು ಬೆಳೆಗಾಗಿ ಕಟ್ಟಿದ್ದು. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಅದೇ ಸಂದರ್ಭದಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೂ ಆ ಮನ್ನಣೆ ಸಂದಿತು. ಎರಡು ಕೆರೆ, ಒಂದು ಅಳಿವೆ: ಉತ್ತರದ ಹಕ್ಕಿಗೆ ಕರ್ನಾಟಕ ಏನು ಕೊಡಬಲ್ಲದು ಎಂಬುದು ಈ ಪಟ್ಟಿಯಲ್ಲೇ ಇದೆ.

ವರ್ಷಕ್ಕೊಂದೇ ಇಳಿತ

ಕಡಲಂಚಿನಲ್ಲಿ ಹಕ್ಕಿ ನೋಡುವವರು ಮೊದಲು ಕಲಿಯುವುದು ಉಬ್ಬರ ಇಳಿತಗಳ ಲೆಕ್ಕ. ನೀರು ಹಿಂದೆ ಸರಿದಾಗ ಕೆಸರು ತೆರೆದುಕೊಳ್ಳುತ್ತದೆ. ಕೆಸರಿನಲ್ಲಿ ಹುಳು, ಚಿಪ್ಪುಜೀವಿ, ಏಡಿಮರಿ. ದಿನಕ್ಕೆ ಎರಡು ಬಾರಿ ಪ್ರಕೃತಿ ಹೊಸದಾಗಿ ಎಲೆ ಹಾಸಿ ಬಡಿಸುತ್ತದೆ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರೂ ಗೊರವಗಳೂ ಒಂದೇ ಬಯಲಿಗೆ ಇಳಿಯುವುದು ಇದೇ ಕಾರಣಕ್ಕೆ.

ಶಿವಮೊಗ್ಗ ಭದ್ರಾವತಿಗಳಿಗೆ ಕಡಲಿಲ್ಲ. ಆದರೆ ನಮ್ಮ ಕೆರೆಗಳಿಗೂ ಉಬ್ಬರವಿದೆ, ಇಳಿತವಿದೆ. ಅದು ದಿನಕ್ಕೆರಡು ಸಲ ಆಗುವುದಿಲ್ಲ, ವರ್ಷಕ್ಕೊಮ್ಮೆ ಆಗುತ್ತದೆ. ಮುಂಗಾರಿನಲ್ಲಿ ಕೆರೆ ತುಂಬಿ ಕೋಡಿ ಬೀಳುತ್ತದೆ. ಕಾರ್ತಿಕ ಕಳೆದ ಮೇಲೆ ತೂಬು ಎತ್ತಿದಂತೆ, ಬಿಸಿಲು ಹೀರಿದಂತೆ ನೀರು ಅಂಗಳದಿಂದ ಏರಿಯ ಕಡೆಗೆ ಸರಿಯುತ್ತ ಬರುತ್ತದೆ. ಆ ನಾಲ್ಕೈದು ತಿಂಗಳು ಪ್ರತಿದಿನ ಒಂದಿಷ್ಟು ಹೊಸ ಕೆಸರು ಬಿಚ್ಚಿಕೊಳ್ಳುತ್ತದೆ. ಉತ್ತರದ ಹಕ್ಕಿಗಳು ಇಲ್ಲಿರುವುದೂ ಬಹುಮಟ್ಟಿಗೆ ಆ ತಿಂಗಳುಗಳಲ್ಲೇ. ಗದ್ದೆಗೊರವಗಳಲ್ಲಿ ಕೆಲವು ಆಗಸ್ಟ್‌ನಲ್ಲೇ ಬಂದಿರುತ್ತವೆ, ಸಿಪಿಲೆಗಳು ಸೆಪ್ಟೆಂಬರಿನಲ್ಲಿ, ಬಾತುಗಳು ಹೆಚ್ಚಾಗಿ ನವೆಂಬರಿನಿಂದ ಈಚೆಗೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಬಹುತೇಕ ಎಲ್ಲವೂ ಹೊರಟು ನಿಲ್ಲುತ್ತವೆ.

ಇಳಿಯುವ ನೀರಿನ ಅಂಚಿನಲ್ಲಿ ನಿಂತು ಗಮನಿಸಿದರೆ ಪ್ರತಿ ಹಕ್ಕಿಗೂ ಒಂದು ಆಳ ನಿಗದಿಯಾಗಿರುವುದು ಕಾಣುತ್ತದೆ. ಲಿಟಲ್ ಸ್ಟಿಂಟ್‌ನ ಕೊಕ್ಕು ಎರಡು ಸೆಂಟಿಮೀಟರಿನಷ್ಟು. ಹಸಿ ಮಣ್ಣಿನ ಮೇಲ್ಮೈಯಲ್ಲಿ ಸಿಕ್ಕುವುದನ್ನಷ್ಟೇ ಅದು ಹೆಕ್ಕುತ್ತದೆ. ಗದ್ದೆಗೊರವ ಕಾಲು ಮುಳುಗುವ ನೀರಿಗೆ ಇಳಿಯುತ್ತದೆ. ಹಿನ್ನೀರ ಗೊರವದ ಕೊಕ್ಕು ಸುಮಾರು ಹತ್ತು ಸೆಂಟಿಮೀಟರ್, ಅದು ಹೊಟ್ಟೆಯವರೆಗಿನ ನೀರಿನಲ್ಲಿ ನಿಂತು ತಳದ ಕೆಸರನ್ನು ಕೆದಕುತ್ತದೆ. ಉಲ್ಲಂಕಿಯ ಉದ್ದ ಕೊಕ್ಕಿನ ತುದಿಯಲ್ಲಿ ಸ್ಪರ್ಶನರಗಳು ದಟ್ಟವಾಗಿವೆ. ಮಣ್ಣಿನೊಳಗೆ ಹೂತ ಕೊಕ್ಕಿನ ತುದಿಯನ್ನು ಮಾತ್ರ ಬಿಚ್ಚಿ, ಕಣ್ಣಿಗೆ ಕಾಣದ ಹುಳುವನ್ನು ಅದು ಹಿಡಿಯಬಲ್ಲದು. ಬಾತುಗಳು ತಲೆ ಕೆಳಗೆ ಮಾಡಿ ಬಾಲ ಎತ್ತಿ ಮೇಯುತ್ತವೆ, ಅವುಗಳ ಕೊಕ್ಕು ತಳ ಮುಟ್ಟಬೇಕಾದರೆ ನೀರು ಒಂದಡಿ ಆಸುಪಾಸಿನಲ್ಲಿರಬೇಕು. ಕೆರೆ ಇಳಿಜಾರಾಗಿದ್ದರೆ ಈ ಎಲ್ಲ ಆಳಗಳೂ ಒಂದೇ ಕೆರೆಯಲ್ಲಿ ಏಕಕಾಲಕ್ಕೆ ಇರುತ್ತವೆ. ಏರಿಯ ಬಳಿ ಆಳ, ಅಂಗಳದ ಕಡೆ ತೆಳು ನೀರು, ಅದರಾಚೆ ಕೆಸರು, ಅದರಾಚೆ ಹುಲ್ಲು. ಹೀಗೆ ಕೆರೆ ಕಟ್ಟಿದ ನಮ್ಮ ಹಿರಿಯರ ಕಣ್ಣು ಬೆಳೆಯ ಮೇಲಿತ್ತು. ಹಕ್ಕಿಗೆ ಊಟ ಸಿಕ್ಕಿದ್ದು ಆ ಬೇಸಾಯದ ಫಲವಾಗಿ.

ಭದ್ರಾ ಜಲಾಶಯದಲ್ಲೂ ಇದೇ ಪಾಠವಿದೆ. ಬೇಸಾಯಕ್ಕೆ ನೀರು ಬಿಟ್ಟಂತೆ ಲಕ್ಕವಳ್ಳಿಯ ಹಿನ್ನೀರಿನಲ್ಲಿ ನಡುಗಡ್ಡೆಗಳು ಮೇಲೇಳುತ್ತವೆ. ಆ ಕಲ್ಲುನೆಲದ ಮೇಲೆ ರಿವರ್ ಟರ್ನ್‌ಗಳು ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಅವು ಉತ್ತರದ ಅತಿಥಿಗಳಲ್ಲ, ಭಾರತದ ನದಿಗಳವೇ. ಜಗತ್ತಿನ ಮಟ್ಟದಲ್ಲಿ ಅವು ಅಪಾಯಕ್ಕೆ ಸಿಲುಕಿವೆ ಎಂದು ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಗುರುತಿಸಿದೆ. ಅವುಗಳ ಸಂತಾನವೂ ನೀರು ಇಳಿಯುವುದನ್ನೇ ನಂಬಿದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಸೊರಬ ತಾಲ್ಲೂಕಿನ ಗುಡವಿಯಲ್ಲಿ ಕೆಂಬರಲುಗಳ ಸಂಸಾರ ನಡೆಯುವುದೂ ಮಳೆಗಾಲದಲ್ಲಿ, ನೀರು ಏರುವಾಗ. ಏರುವ ನೀರು ಒಂದು ಬಳಗವನ್ನು ಸಾಕುತ್ತದೆ, ಇಳಿಯುವ ನೀರು ಇನ್ನೊಂದನ್ನು. ಪಕ್ಷಿಧಾಮ ಮಾಡಿ ನಾವು ಮೊದಲ ಬಳಗವನ್ನು ಕಾಪಾಡಿದ್ದೇವೆ. ಎರಡನೆಯದಕ್ಕೆ ಈ ಸೀಮೆಯಲ್ಲಿ ಅಂಥ ನೆಲೆ ಸಾಲದು.

ಗದ್ದೆ ಎಂಬ ಕೆಸರುಬಯಲು

ಕೆರೆಯಂತೆಯೇ ಗದ್ದೆಯೂ ಚಳಿಗಾಲದ ಹಕ್ಕಿಗೆ ಅಂಚಿನ ನೆಲ. ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ನಾಲೆಗೆ ನೀರು ಬಂದಾಗ ಗದ್ದೆಗಳು ಕೆಸರಾಗುತ್ತವೆ. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ, ಬದುವಿನಲ್ಲಿ ಸಿಪಿಲೆ, ಕೆಸರಲ್ಲಿ ಗದ್ದೆಗೊರವ, ಮೇಲೆ ಕವಲುತೋಕೆಗಳ ಸುತ್ತಾಟ. ಭದ್ರಾವತಿ ಸೀಮೆಯ ರೈತ ಈ ನೋಟವನ್ನು ಹುಟ್ಟಿದಂದಿನಿಂದ ಕಂಡಿದ್ದಾನೆ. ಪೈರಿಗೆ ಮುತ್ತುವ ಕೀಟಗಳಲ್ಲಿ ಎಷ್ಟೋ ಪಾಲನ್ನು ಇವು ಕೂಲಿ ಕೇಳದೆ ತಿಂದು ಮುಗಿಸುತ್ತವೆ.

ಈಗ ಗದ್ದೆಯ ಜಾಗಕ್ಕೆ ಅಡಿಕೆ ತೋಟ ವೇಗವಾಗಿ ಬರುತ್ತಿದೆ. ಅದಕ್ಕೆ ರೈತರನ್ನು ದೂರುವ ಹಕ್ಕು ನನಗಿಲ್ಲ. ಭತ್ತದ ಬೆಲೆ, ಕೂಲಿಯಾಳಿನ ಕೊರತೆ, ಅಡಿಕೆಯ ಧಾರಣೆ ಇವನ್ನೆಲ್ಲ ಲೆಕ್ಕ ಹಾಕಿಯೇ ಅವರು ನಿರ್ಧರಿಸಿದ್ದಾರೆ. ಆದರೆ ತೋಟವಾದ ಗದ್ದೆಯಲ್ಲಿ ಗೊರವ ಇಳಿಯುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು. ಗದ್ದೆ ಕಡಿಮೆಯಾದಷ್ಟೂ ಉಳಿದ ಕೆರೆಯಂಗಳದ ಬೆಲೆ ಹೆಚ್ಚುತ್ತದೆ.

ಕ್ಯಾಸನೂರಿನಿಂದ ಹೊರಟ ಪ್ರಶ್ನೆ

ವಲಸೆ ಹಕ್ಕಿಗಳ ಅಧ್ಯಯನಕ್ಕೂ ಶಿವಮೊಗ್ಗ ಜಿಲ್ಲೆಗೂ ಒಂದು ಹಳೆಯ ನಂಟಿದೆ. ಇಲ್ಲಿನ ಮಕ್ಕಳಿಗೆ ಅದನ್ನು ಹೇಳಿಕೊಡಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನರಿಗೆ ಜ್ವರ ಬಂತು, ಸಾವುಗಳಾದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಗುರುತಿಸಿದರು. ನಾವು ಮಂಗನ ಕಾಯಿಲೆ ಎನ್ನುವ ಕ್ಯಾಸನೂರು ಕಾಡಿನ ಕಾಯಿಲೆ ಜಗತ್ತಿಗೆ ಗೊತ್ತಾದದ್ದು ಹೀಗೆ. ಉಣುಗುಗಳಿಂದ ಹರಡುವ ಈ ವೈರಸ್ಸು, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದಲೇ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾಗಿತ್ತು. ಸಹಜವಾಗಿಯೇ ಪ್ರಶ್ನೆ ಎದ್ದಿತು: ಸೈಬೀರಿಯಾದಿಂದ ಮಲೆನಾಡಿಗೆ ಪ್ರತಿವರ್ಷ ಬರುವವರು ಯಾರು? ಹಕ್ಕಿಗಳಲ್ಲವೆ?

ಈ ಶಂಕೆಯ ಬೆನ್ನು ಹತ್ತಲು ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಬಂತು. ಅದರ ನೆರವಿನಿಂದ, 1960ರ ಆಸುಪಾಸಿನಲ್ಲಿ, ಪಕ್ಷಿವಿಜ್ಞಾನಿ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ರಾಜಸ್ಥಾನದ ಭರತ್‌ಪುರದಂಥ ತಾಣಗಳಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ನಾಡಿನಲ್ಲಿ ಸಿಕ್ಕವು. ನಮ್ಮ ಚಳಿಗಾಲದ ಹಕ್ಕಿಗಳ ತವರು ಯಾವುದು ಎಂಬುದಕ್ಕೆ ಕೈಗೆ ಸಿಗುವ ಪುರಾವೆಗಳು ರಾಶಿಯಾಗಿ ದೊರೆತದ್ದು ಆ ಕಾರ್ಯಕ್ರಮದಿಂದ. ಹಕ್ಕಿಗಳೇ ಈ ರೋಗ ತಂದವು ಎಂಬ ಆರೋಪ ಮಾತ್ರ ರುಜುವಾತಾಗಲಿಲ್ಲ. ಮಲೆನಾಡಿನ ಉಣುಗು, ಇಲಿ ಹೆಗ್ಗಣದಂಥ ಸಣ್ಣ ಪ್ರಾಣಿ, ಮಂಗ ಇವುಗಳ ನಡುವೆ ಆ ವೈರಸ್ಸು ಸುತ್ತುತ್ತದೆ ಎಂಬುದು ಸ್ಪಷ್ಟವಾಯಿತು. ನಮ್ಮ ಜಿಲ್ಲೆಯ ಹಳ್ಳಿಗರ ನೋವಿನಿಂದ ಹುಟ್ಟಿದ ಒಂದು ಪ್ರಶ್ನೆ ಇಡೀ ದೇಶದ ಪಕ್ಷಿವಿಜ್ಞಾನವನ್ನು ಬೆಳೆಸಿತು. ಈ ಚರಿತ್ರೆ ಹಕ್ಕಿಗಳನ್ನು ಕಾಪಾಡುವ ಹೊಣೆಯನ್ನೂ ನಮ್ಮ ಮೇಲೆ ಹೊರಿಸುತ್ತದೆ.

ಸೋಗಾನೆಯ ಬಯಲು

2023ರ ಫೆಬ್ರವರಿ 27ರಂದು ಶಿವಮೊಗ್ಗ ಭದ್ರಾವತಿಗಳ ನಡುವಿನ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಪ್ರಯಾಣಿಕ ವಿಮಾನ ಹಾರಾಟ ಶುರುವಾಯಿತು. 3,200 ಮೀಟರ್ ಉದ್ದದ ಓಡುದಾರಿ ಈ ಸೀಮೆಯ ಹೆಮ್ಮೆ. ತಮ್ಮ ಒಂದು ಕವನ ಸಂಕಲನಕ್ಕೆ ‘ಪಕ್ಷಿಕಾಶಿ’ ಎಂದು ಹೆಸರಿಟ್ಟ ಕವಿಯ ನಾಮಧೇಯ ಹೊತ್ತ ನಿಲ್ದಾಣವಿದು. ಹಕ್ಕಿ ಮತ್ತು ವಿಮಾನ ಒಂದೇ ಆಕಾಶವನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಗೆ ಇಲ್ಲಿಂದಲೇ ಒಳ್ಳೆಯ ಉತ್ತರ ಸಿಗಬೇಕು.

ವಿಮಾನಕ್ಕೆ ಹಕ್ಕಿ ಡಿಕ್ಕಿಯಾಗುವುದು ಗಂಭೀರ ಸಂಗತಿ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಮೇಲೇರುತ್ತಿದ್ದ ವಿಮಾನವೊಂದು ಹೆಬ್ಬಾತುಗಳ ಹಿಂಡಿಗೆ ಸಿಕ್ಕಿ ಹಡ್ಸನ್ ನದಿಯ ಮೇಲೆ ಇಳಿಯಬೇಕಾಯಿತು. ಅದರಲ್ಲಿದ್ದ 155 ಮಂದಿಯೂ ಬದುಕಿದರು. ಓಡುದಾರಿಯ ಬಳಿ ಹಕ್ಕಿ ಸೇರದಂತೆ ನೋಡಿಕೊಳ್ಳುವುದು ನಿಲ್ದಾಣದವರ ಕರ್ತವ್ಯ, ಅದನ್ನು ಯಾವ ಹಕ್ಕಿಪ್ರೇಮಿಯೂ ವಿರೋಧಿಸಬಾರದು. ಆದರೆ ಆ ಕೆಲಸದ ಅರ್ಧ ಪಾಲು ಬೇಲಿಯ ಹೊರಗಿದೆ. 1937ರ ವಿಮಾನ ನಿಯಮಗಳೇ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಫಾಸಲೆಯಲ್ಲಿ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದನ್ನೂ ಬಯಲಿನಲ್ಲಿ ಪ್ರಾಣಿ ಕಡಿದು ತ್ಯಾಜ್ಯ ಎಸೆಯುವುದನ್ನೂ ನಿಷೇಧಿಸಿದವು. ಸೋಗಾನೆಯಿಂದ ಹತ್ತು ಕಿಲೋಮೀಟರ್ ಎಂದರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ. ರಸ್ತೆಬದಿಗೆ ಕೋಳಿತ್ಯಾಜ್ಯ ಎಸೆದರೆ ಹದ್ದುಗಳು ನೆರೆಯುತ್ತವೆ, ವಿಮಾನದ ದಾರಿಯಲ್ಲೇ ಸುತ್ತು ಹೊಡೆಯುತ್ತವೆ. ಕಸ ನಿಂತರೆ ಕೆರೆ ಚೊಕ್ಕಟವಾಗುತ್ತದೆ, ವಿಮಾನವೂ ಸುರಕ್ಷಿತವಾಗುತ್ತದೆ. ಹಕ್ಕಿಯ ಹಿತ, ಪ್ರಯಾಣಿಕರ ಹಿತ ಇಲ್ಲಿ ಒಂದೇ.

ಇನ್ನೊಂದು ಮಾತು. ಮಲೆನಾಡಿನ ಮಡಿಲು ಮುಗಿದು ಬಯಲುಸೀಮೆ ಆರಂಭವಾಗುವ ಈ ನೆಲದಲ್ಲಿ ಕುರುಚಲು, ಹುಲ್ಲುಗಾವಲು, ಗೋಮಾಳ ಇವುಗಳಿಗೆ ತಮ್ಮದೇ ಹಕ್ಕಿಗಳಿವೆ. ಕಜಾಕಸ್ತಾನದ ಹುಲ್ಲುಬಯಲಿನಲ್ಲಿ ಹುಟ್ಟಿದ ಸೆಳೆವ ಎಂಬ ಬೇಟೆಹಕ್ಕಿಗಳು ಚಳಿಗಾಲದಲ್ಲಿ ಕರ್ನಾಟಕದ ಹುಲ್ಲುಗಾವಲುಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿಗಳನ್ನು ಹಿಡಿಯುತ್ತವೆ. ರಾತ್ರಿ ಅವು ಮರ ಏರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ನಾವು ಪಾಳು ಎಂದು ಬರೆದಿಟ್ಟ ಸರ್ವೆ ನಂಬರೇ ಅವುಗಳ ಮಲಗುವ ಮನೆ. ಖಾಲಿ ಕಂಡಲ್ಲೆಲ್ಲ ಅಕೇಶಿಯಾ, ನೀಲಗಿರಿ ನೆಟ್ಟು ಹಸಿರು ಮಾಡಿದೆವು ಎಂದುಕೊಂಡರೆ ಆ ಮನೆ ಹೋಯಿತೆಂದೇ ಲೆಕ್ಕ. ನಿಲ್ದಾಣದ ಬೇಲಿಯಿಂದ ದೂರ ಇರುವ ಗೋಮಾಳಗಳು ಗೋಮಾಳಗಳಾಗಿಯೇ ಉಳಿಯಬೇಕು.

ಅಂಚು ಹೋಗುತ್ತಿರುವ ಬಗೆ

ಕೆರೆ ಅಭಿವೃದ್ಧಿಗೆ ಈಗ ನಾಡಿನಾದ್ಯಂತ ಹಣ ಬರುತ್ತಿದೆ. ಹೂಳು ತುಂಬಿದ, ಒತ್ತುವರಿಯಾದ ಕೆರೆಗೆ ಕಾಯಕಲ್ಪ ಬೇಕೇ ಬೇಕು. ಆದರೆ ಕೆಲಸ ನಡೆಯುವ ಕ್ರಮ ಹೀಗಿರುತ್ತದೆ. ಯಂತ್ರ ಇಳಿದು ಕೆರೆಯನ್ನು ಎಲ್ಲ ಕಡೆ ಒಂದೇ ಆಳಕ್ಕೆ ತೋಡುತ್ತದೆ. ಸುತ್ತ ಕಡಿದಾದ ಕಲ್ಲುಕಟ್ಟಡ, ಅದರ ಮೇಲೆ ನಡಿಗೆ ಪಥ, ರಾತ್ರಿಯಿಡೀ ಉರಿಯುವ ದೀಪ. ನಡುವೆ ಒಂದು ದ್ವೀಪ. ಆಮೇಲೆ ದೋಣಿ. ಜನರಿಗೆ ಅದು ಚೆಂದ ಕಾಣುತ್ತದೆ. ನಡುವಿನ ದ್ವೀಪದ ಮರದಲ್ಲಿ ಬೆಳ್ಳಕ್ಕಿ ಗೂಡು ಕಟ್ಟಬಹುದು, ನೀರುಕಾಗೆ ಮೀನು ಹಿಡಿಯಬಹುದು. ಆದರೆ ಗೊರವ ನಿಲ್ಲಲು ಒಂದು ಗೇಣು ಕೆಸರಿಲ್ಲ, ಬಾತಿನ ಕೊಕ್ಕಿಗೆ ತಳ ಸಿಗುವುದಿಲ್ಲ. ತಲೆತಲಾಂತರದಿಂದ ಈ ದಾರಿ ಹಿಡಿದವರು ಬಂದು ನೋಡಿ, ಮುಂದಕ್ಕೆ ಹಾರುತ್ತಾರೆ. ಆ ಮುಂದೆಯೂ ಇದೇ ಬಗೆಯ ಕೆರೆ ಕಾದಿರುತ್ತದೆ.

ಕೊರತೆ ಅಂಕಿಗಳಲ್ಲೂ ಕಾಣುತ್ತಿದೆ. ದೇಶದ 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರ ದಾಖಲೆಗಳನ್ನು ಆಧರಿಸಿದ 2023ರ ಭಾರತೀಯ ಪಕ್ಷಿಗಳ ಸ್ಥಿತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅವುಗಳಲ್ಲಿ 178 ಪ್ರಭೇದಗಳ ರಕ್ಷಣೆಗೆ ಹೆಚ್ಚಿನ ಆದ್ಯತೆ ಬೇಕು ಎಂದಿತು. ಬಯಲಿನ ಹಕ್ಕಿಗಳು, ಬೇಟೆಹಕ್ಕಿಗಳು, ದೂರದಿಂದ ವಲಸೆ ಬರುವ ಹಕ್ಕಿಗಳು ಹೆಚ್ಚು ಕುಸಿದ ಗುಂಪುಗಳಲ್ಲಿವೆ. ಸೈಬೀರಿಯಾದಲ್ಲಿ ಏನಾಗುತ್ತಿದೆ ಎಂಬುದರ ಮೇಲೆ ನಮಗೆ ಹಿಡಿತವಿಲ್ಲ. ನಮ್ಮ ಊರ ಕೆರೆಯ ಮೇಲೆ ಇದೆ.

ಮಾಡಬಹುದಾದದ್ದು

ಮೊದಲನೆಯದು, ಹೂಳೆತ್ತುವಾಗ ಏರಿಯ ಕಡೆ ಆಳ ಮಾಡಿ, ಅಂಗಳದ ಕಡೆಯ ಇಳಿಜಾರನ್ನು ಮುಟ್ಟದೆ ಬಿಡಿ. ಕಲ್ಲುಕಟ್ಟಡ ಏರಿಗೆ ಸಾಕು. ನಡಿಗೆ ಪಥ ಬೇಕೆಂದರೆ ಒಂದು ಬದಿಗೆ ಇರಲಿ, ಇನ್ನೊಂದು ಬದಿ ಕತ್ತಲೂ ಮೌನವೂ ಇರುವ ಕೆಸರಂಚಾಗಿ ಉಳಿಯಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಎಷ್ಟೋ ವೇಳೆ ಖರ್ಚು ಕಡಿಮೆಯೇ ಆಗುತ್ತದೆ. ಏತ ನೀರಾವರಿಯಿಂದ ಕೆರೆ ತುಂಬಿಸುವ ಕಡೆ ರೈತರಿಗೆ ನೀರು ಸಿಗಲಿ, ಆದರೆ ಚಳಿಗಾಲದಲ್ಲಿ ಕೆರೆ ಸಹಜವಾಗಿ ಇಳಿಯಲು ಬಿಡಿ. ಗ್ರಾಮಸಭೆಯಲ್ಲಿ, ಕೆರೆ ಬಳಕೆದಾರರ ಸಂಘದಲ್ಲಿ ಈ ಮಾತು ಎತ್ತುವ ಒಬ್ಬರಾದರೂ ಪ್ರತಿ ಊರಿನಲ್ಲಿ ಇರಬೇಕು.

ಎರಡನೆಯದು, ಎಣಿಕೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಅದನ್ನು ನಡೆಸುವವರು ಬಹುಪಾಲು ಸಂಬಳವಿಲ್ಲದ ಆಸಕ್ತರು. ಭದ್ರಾವತಿ ತಾಲ್ಲೂಕಿನಲ್ಲೇ, ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾನಿಲಯವಿದೆ. ಪಕ್ಕದಲ್ಲೇ ಭದ್ರೆಯ ಹಿನ್ನೀರಿದೆ. ಶಿವಮೊಗ್ಗ, ಭದ್ರಾವತಿ ಎರಡೂ ನಗರಗಳಲ್ಲಿ ಕಾಲೇಜುಗಳಿವೆ. ಒಂದೊಂದು ಶಾಲೆ ಒಂದೊಂದು ಕೆರೆಯನ್ನು ವಹಿಸಿಕೊಂಡು ಪ್ರತಿ ಜನವರಿ ತಪ್ಪದೆ ಎಣಿಸಿದರೆ, ಹತ್ತು ವರ್ಷಗಳಲ್ಲಿ ಈ ಸೀಮೆಗೆ ತನ್ನದೇ ದಾಖಲೆ ಇರುತ್ತದೆ. ಗುತ್ತಿಗೆದಾರರ ಯೋಜನೆಯ ಎದುರು ಇಡಲು ನಮ್ಮ ಕೈಯಲ್ಲಿ ಆಗ ಆಧಾರವಿರುತ್ತದೆ. ದುರ್ಬೀನಿಲ್ಲದವರು ಕೂಡ ಈ ಕೆಲಸಕ್ಕೆ ಸೇರಬಹುದು. ಇದೇ ಜಿಲ್ಲೆಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ಕನ್ನಡದಲ್ಲೇ ಹಕ್ಕಿಗಳ ಪುಸ್ತಕ ಬರೆದು ನಮ್ಮ ಕೈಗಿಟ್ಟಿದ್ದಾರೆ. ಹಕ್ಕಿ ಗುರುತಿಸಲು ಇಂಗ್ಲಿಷ್ ಬರಲೇಬೇಕೆಂದಿಲ್ಲ.

ಮೂರನೆಯದು, ಹಿರಿಯರ ನೆನಪು. ನಿಮ್ಮ ಊರಿನ ಕೆರೆಗೆ ನಲವತ್ತು ವರ್ಷಗಳ ಹಿಂದೆ ಯಾವ ಹಕ್ಕಿ ಬರುತ್ತಿತ್ತು, ಯಾವ ತಿಂಗಳಲ್ಲಿ, ಎಷ್ಟು ಎಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ. ಬೇಟೆಗೆ ಹೋಗುತ್ತಿದ್ದವರನ್ನೂ ಕೇಳಿ, ಅವರಿಗೆ ಉಲ್ಲಂಕಿಯ ಜಾಗ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ತಲೆಮಾರು ಹೋದರೆ ಆ ಮಾಹಿತಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರಿದ್ದಾರೆ, ಉಪಾಧ್ಯಾಯರಿದ್ದಾರೆ, ಕೆರೆಯ ಕೆಳಗೆ ಜಮೀನು ಇರುವವರಿದ್ದಾರೆ. ನಿಮ್ಮೆಲ್ಲರಲ್ಲಿ ನನ್ನ ಪ್ರಾರ್ಥನೆ ಒಂದೇ. ಮುಂದಿನ ಕೆರೆ ಅಭಿವೃದ್ಧಿಯ ನಕ್ಷೆ ನಿಮ್ಮೆದುರು ಬಂದಾಗ ಸಹಿ ಹಾಕುವ ಮೊದಲು ಕೆರೆಯ ಅಂಗಳ ಎಲ್ಲಿದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ನಕ್ಷೆಯನ್ನು ವಾಪಸು ಕಳಿಸಿ. ನಿಮ್ಮ ಊರಿನ ಒಂದು ಕೆರೆಯ ಒಂದು ಬದಿಯನ್ನಾದರೂ ಹಕ್ಕಿಗಳಿಗಾಗಿ ಬಿಟ್ಟುಕೊಡಿ.